ಅರ್ಧಕ್ಕೆ ನಿಂತ ಮಾರಿಸ್ ಮೈನರ್: ಮಾರುವ ಮುಂಚೆ ಏನು ಮಾಡಿದೆ, ಏನು ಬಿಟ್ಟೆ

ಕಾರು: 1960ರ ಮಾರಿಸ್ ಮೈನರ್ 1000, ಬಟ್ಟೆ ಹುಡ್ಡಿನ ಕನ್ವರ್ಟಿಬಲ್, 948 ಸಿಸಿ.
ಜಾಗ: ಗೋವಾ, ಫೋಂಡಾ ಹತ್ತಿರ ಬಾಡಿಗೆ ಶೆಡ್ಡು.
ಕೆಲಸ ಶುರು ಮಾಡಿದಾಗಿನ ಸ್ಥಿತಿ: ನೆಲ ಅರ್ಧ ವೆಲ್ಡ್ ಆಗಿತ್ತು. ಎಂಜಿನ್ ಕೆಮ್ಮುತ್ತಾ ಓಡುತ್ತಿತ್ತು. ಬ್ರೇಕ್ ಇಲ್ಲ, ಹುಡ್ ಇಲ್ಲ, ಸೀಟು ಅಂದರೆ ಬರೀ ಕಬ್ಬಿಣದ ಚೌಕಟ್ಟು.

ಶೆಡ್ಡಿನ ಮಾಲೀಕರು ಏಪ್ರಿಲ್ ಒಳಗೆ ಜಾಗ ಬಿಡಿ ಎಂದರು. ನನಗೂ ಹುಬ್ಬಳ್ಳಿಗೆ ವರ್ಗ ಆಗಿತ್ತು. ಅಲ್ಲಿ ಬಾಡಿಗೆ ಮನೆ, ಸ್ಕೂಟರ್ ನಿಲ್ಲಿಸಲಿಕ್ಕೇ ಜಗಳ. ಹಾಗಾಗಿ ಮಾರುವುದು ಖಾತ್ರಿ ಆಯಿತು. ಕೇಳಿದವರೆಲ್ಲ ಹೇಳಿದ್ದು ಒಂದೇ: "ಒಂದು ಕೈ ಪೇಂಟ್ ಹೊಡೆಸಿ ಮಾರ್ರೀ, ಲಕ್ಷ ಜಾಸ್ತಿ ಬರತೈತಿ." ನಾನು ಪೇಂಟಿನ ತಂಟೆಗೆ ಹೋಗಲಿಲ್ಲ. ಈ ಕಾರಿನ ಆರ್‌ಸಿ ಅವಧಿ ಮುಗಿದಿತ್ತು. ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ಅದಕ್ಕೆ ಗಾಡಿ ತೋರಿಸಬೇಕು. ಆರ್‌ಸಿ ಜೀವಂತ ಇಲ್ಲದ ಹಳೆ ಕಾರು ಎಷ್ಟೇ ಮಿಂಚಿದರೂ ಗಿರಾಕಿ ಗುಜರಿ ರೇಟಿಗೇ ಕೇಳುತ್ತಾನೆ. ಅದಕ್ಕೆ ಲೆಕ್ಕ ಸರಳ ಮಾಡಿಕೊಂಡೆ. ತಪಾಸಣೆ ದಾಟಲು ಬೇಕಾದ ಕೆಲಸ ಮಾಡುವುದು, ಚಂದಕ್ಕೆ ಬೇಕಾದದ್ದು ಕೊಳ್ಳುವವನಿಗೆ ಬಿಡುವುದು.

ಹಂತ 1. ಅಕ್ಟೋಬರ್: ಗುರುತು, ನಂಬರು

ಮೊದಲು ಬಾನೆಟ್ ಎತ್ತಿ ಎಂಜಿನ್ ಹಿಂದಿನ ಗೋಡೆ, ಅಂದರೆ ಬಲ್ಕ್‌ಹೆಡ್ ಮೇಲಿನ ತಗಡಿನ ಫಲಕ ತೊಳೆದೆ. ಸೀಮೆಎಣ್ಣೆ, ಹಳೆ ಟೂತ್‌ಬ್ರಷ್. ಸ್ಯಾಂಡ್‌ಪೇಪರ್ ಮುಟ್ಟಿಸಲೇಬೇಡಿ, ಅಕ್ಷರ ಹೋಗುತ್ತದೆ. ನಂಬರು "ಎಂಎಟಿ3" ಎಂದು ಶುರುವಾಗಿತ್ತು. ಎಂ ಅಂದರೆ ಮಾರಿಸ್, ಟಿ ಅಂದರೆ ಟೂರರ್ (ಬಟ್ಟೆ ಹುಡ್ಡಿನ ಕಾರು), 3 ಅಂದರೆ 948 ಸಿಸಿಯ ಸರಣಿ. ಆ "ಟಿ" ಒಂದಕ್ಕೇ ಸಾವಿರಗಟ್ಟಲೆ ಬೆಲೆ. ಎರಡು ಬಾಗಿಲಿನ ಸಲೂನ್ ಕಾರಿನ ಚಾವಣಿ ಕತ್ತರಿಸಿ ಕನ್ವರ್ಟಿಬಲ್ ಎಂದು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಅಂಥ ಕಾರಿನ ಫಲಕದಲ್ಲಿ "ಎ2ಎಸ್" ಇರುತ್ತದೆ.

ಎಂಜಿನ್ ನಂಬರು ಬ್ಲಾಕಿಗೆ ಹೊಡೆದ ಪುಟ್ಟ ಪಟ್ಟಿಯಲ್ಲಿ ಇದೆ, "9ಎಂ" ಎಂದು ಶುರು. ಆರ್‌ಸಿಯಲ್ಲಿ ಕೊನೆಯ ಎರಡು ಅಂಕಿ ಹಿಂದುಮುಂದಾಗಿತ್ತು. ಯಾವ ಕಾಲದಲ್ಲಿ ಯಾರು ನಕಲು ಮಾಡುವಾಗ ತಪ್ಪಿದರೋ. ಕಾರು ಮೊದಲು ನೋಂದಣಿ ಆದದ್ದು ಪೋರ್ಚುಗೀಸರ ಕಾಲದಲ್ಲಿ. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ "ಜಿಡಿ" ಅಕ್ಷರದ ನಂಬರು ಸಿಕ್ಕಿದೆ. ಇಷ್ಟು ಕೈ ಬದಲಾದ ಕಾಗದದಲ್ಲಿ ಒಂದು ತಪ್ಪು ಇರುವುದು ದೊಡ್ಡದಲ್ಲ, ಆದರೆ ಅದನ್ನು ಮಾರುವವನೇ ಸರಿಪಡಿಸಬೇಕು. ಫಲಕದ ಮೇಲೆ ತೆಳು ಹಾಳೆ ಇಟ್ಟು, ಮೆತ್ತನೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ಅಚ್ಚು ತೆಗೆದೆ. ಪೆನ್ಸಿಲ್ ಒತ್ತಿದರೆ ಹಾಳೆ ಹರಿಯುತ್ತದೆ, ಸುಮ್ನೆ ಸವರಿದರೆ ಸಾಕು, ಅಂಕಿ ಬೆಳ್ಳಗೆ ಎದ್ದು ಬರುತ್ತದೆ. ನಾಲ್ಕೈದು ಅಚ್ಚು ಒಟ್ಟಿಗೇ ತೆಗೆದಿಡಿ, ಪ್ರತಿ ಅರ್ಜಿಗೂ ಒಂದು ಕೇಳುತ್ತಾರೆ. ತಿದ್ದುಪಡಿ ಅರ್ಜಿ ಅವತ್ತೇ ಕೊಟ್ಟೆ.

ಹಂತ 2. ಅಕ್ಟೋಬರ್ ಕೊನೆ, ನವೆಂಬರ್: ಸಿಲ್ ಮತ್ತು ಬಾಗಿಲ ಸಂದು

ಹೆಚ್ಚು ಹೊತ್ತು, ಹೆಚ್ಚು ದುಡ್ಡು ನುಂಗಿದ್ದು ಇದೇ.

ಚಾವಣಿ ಇಲ್ಲದ ಕಾರಿನಲ್ಲಿ ಬಾಗಿಲ ಕೆಳಗಿನ ಸಿಲ್ಲುಗಳೇ ಬೆನ್ನೆಲುಬು. ಮೈನರ್‌ಗೆ ಬೇರೆ ಚಾಸಿ ಇಲ್ಲ, ನೆಲ, ಸಿಲ್, ಅಡ್ಡ ಪಟ್ಟಿ ಎಲ್ಲ ಸೇರಿಯೇ ಗಟ್ಟಿ. ನನಗಿಂತ ಮುಂಚೆ ಈ ಕಾರು ಹೋಗಿದ್ದ ಗ್ಯಾರೇಜಿನವರು ಎರಡೂ ಬದಿಯ ಸಿಲ್ ಒಟ್ಟಿಗೆ ಕತ್ತರಿಸಿದ್ದರು, ಬಾಗಿಲ ಜಾಗಕ್ಕೆ ಒಂದು ಆನಿಕೆಯನ್ನೂ ಕೊಡದೆ. ಕಾರು ನಡು ಮುರಿದ ಎತ್ತಿನ ಹಾಗೆ ಕುಸಿದಿತ್ತು. ಅದೇ ಕುಸಿದ ಸ್ಥಿತಿಯಲ್ಲಿ ಚಾಲಕನ ಬದಿಗೆ ಹೊಸ ಸಿಲ್ ಬೆಸೆದಿದ್ದರು.

ಅಳತೆಗೆ ನಾನು ಬಳಸಿದ್ದು ಡ್ರಿಲ್ ಬಿಟ್ಟುಗಳ ಹಿಡಿಕೆ. 2 ಮಿಮೀ, 3, 4, ಹೀಗೆ ಒಂದೊಂದೇ ಸಂದಿಗೆ ತೂರಿಸಿ ನೋಡುವುದು. ಚಾಲಕನ ಬಾಗಿಲಿನ ಹಿಂಬದಿ ಅಂಚು: ಮೇಲೆ 2 ಮಿಮೀ, ಕೆಳಗೆ 8 ಮಿಮೀ. ಎಡಬದಿ: ಮೇಲೆ 4, ಕೆಳಗೆ 5. ಮೇಲೆ ಸಂದು ಮುಚ್ಚಿ ಕೆಳಗೆ ತೆರೆದಿದೆ ಅಂದರೆ ನಡು ಜಗ್ಗಿದೆ ಎಂದೇ ಅರ್ಥ.

ಮೊದಲ ಪ್ರಯತ್ನ: ಬಾಗಿಲ ಕೀಲು ಬಿಚ್ಚಿ ತೆಳು ತಗಡು ಕೊಟ್ಟು ಸಂದು ಹೊಂದಿಸಿದೆ. ನೋಡಲು ಸರಿಯಾಯಿತು. ಆದರೆ ಒಳಗೆ ಕೂತು ಎದ್ದರೆ ಬಾಗಿಲು ಕಚ್ಚುತ್ತಿತ್ತು. ತಗಡು ತೆಗೆದು ಎಸೆದೆ.

ಎರಡನೆಯದು: ಗ್ರೈಂಡರ್ ಹಚ್ಚಿ ಆ ಹೊಸ ಸಿಲ್ ಪೂರ್ತಿ ಕಿತ್ತೆವು. ನನ್ನ ಜೊತೆ ಗದಗಿನ ಒಬ್ಬ ವೆಲ್ಡರ್, ಹಗಲು ವೆರ್ಣಾದಲ್ಲಿ ಫ್ಯಾಕ್ಟರಿ ಕೆಲಸ, ಸಂಜೆ ನನ್ನ ಶೆಡ್ಡು. ಅವರು ಹೇಳಿದ ಕ್ರಮ ಇದು, ಇದೇ ಫಲಿಸಿದ್ದು:

ಕಾರನ್ನು ಜಾಕಿ ಮೇಲೆ ಎತ್ತಿ ನೇತಾಡಿಸಲಿಲ್ಲ. ನಾಲ್ಕೂ ಚಕ್ರದ ಭಾರ ಸಸ್ಪೆನ್ಶನ್ ಮೇಲೆ ಬರುವಂತೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟೆವು. ಎಂಜಿನ್ ಜಾಗದಲ್ಲೇ ಇರಲಿ, ಇಲ್ಲದಿದ್ದರೆ ಆಮೇಲೆ ಅದು ಕೂತಾಗ ಮತ್ತೆ ಅಳತೆ ತಪ್ಪುತ್ತದೆ. ಬಾಗಿಲ ಜಾಗದಲ್ಲಿ 1 ಇಂಚಿನ ಚೌಕ ಪೈಪು, ಅದರ ನಡುವೆ ಪೆಂಡಾಲಿನವರು ಬಳಸುವ ತಿರುಗಿಸುವ ಸ್ಕ್ರೂ. ಅಡ್ಡ ಪಟ್ಟಿಯ ಕೆಳಗೆ ಮರದ ತುಂಡಿಟ್ಟು ಬಾಟಲ್ ಜಾಕಿ. ಜಾಕಿ ಕಾಲು ಸುತ್ತು, ಸ್ಕ್ರೂ ಅರ್ಧ ಸುತ್ತು, ಬಾಗಿಲು ಮುಚ್ಚಿ ಡ್ರಿಲ್ ಬಿಟ್ಟು ತೂರಿಸಿ ನೋಡು. ಮತ್ತೆ ಅದೇ. ಒಂದು ಸಂಜೆಯಲ್ಲಿ ಮುಗಿಸಬೇಕು ಎಂದು ಹೊರಟರೆ ಆಗದು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದಾಗ ಒಂದು ಮಿಲಿಮೀಟರ್ ವಾಪಸ್ ಬಂದಿರುತ್ತದೆ.

ಮೇಲೆ 4, ಕೆಳಗೆ 5 ಬಂದ ಮೇಲೆ ಸಿಲ್ ಕೂರಿಸಿದೆವು. ಸಿಲ್ ಮತ್ತು ಒಳಗಿನ ಬಾಕ್ಸಿಂಗ್ ಪ್ಲೇಟಿಗೆ 16 ಗೇಜ್, ನೆಲಕ್ಕೆ 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ತಗಡು. ಇಂಚಿಗೊಂದು ಟ್ಯಾಕ್ (ಚುಕ್ಕಿ ಬೆಸುಗೆ), ಆಮೇಲೆ ಒಮ್ಮೆ ಮುಂದೆ ಒಮ್ಮೆ ಹಿಂದೆ ಹೀಗೆ ಜಿಗಿಯುತ್ತ ವೆಲ್ಡ್. ಒಂದೇ ಕಡೆ ಎಳೆದರೆ ಬಿಸಿಗೆ ತಗಡು ಅಲೆ ಏಳುತ್ತದೆ. ಆನಿಕೆ ಬಿಚ್ಚಿದ ಮೇಲೆ: ಮೇಲೆ 4, ಕೆಳಗೆ 5. ನಾನು ಹಿಂದಿನ ಸೀಟಿನ ಜಾಗದಲ್ಲಿ ನಿಂತು ಕುಣಿದರೂ ಬಾಗಿಲು ಕಚ್ಚಲಿಲ್ಲ.

ಹಂತ 3. ಪ್ರೈಮರ್

ಇಲ್ಲಿನ ಮಳೆಗಾಲ ನೋಡಿದವರಿಗೆ ಹೇಳಬೇಕಾಗಿಲ್ಲ, ಆದರೂ ಎಷ್ಟೋ ಜನ ಎಡವುವುದು ಇಲ್ಲೇ. ಬೂದು ಬಣ್ಣದ ಸಾದಾ ಸರ್ಫೇಸರ್ ಪ್ರೈಮರ್ ಹೊಡೆದಿಟ್ಟರೆ ಕಾರು ಸುರಕ್ಷಿತ ಅಂದುಕೊಳ್ಳುತ್ತಾರೆ. ಅದು ತೇವ ಹೀರುತ್ತದೆ. ಮೇಲೆ ಟಾಪ್‌ಕೋಟ್ ಬೀಳದಿದ್ದರೆ ಕೆಳಗೆ ತುಕ್ಕು ಸದ್ದಿಲ್ಲದೆ ಹಬ್ಬುತ್ತದೆ. ಈ ಕಾರಿನ ಬೂಟ್ ಮುಚ್ಚಳಕ್ಕೆ ಹಿಂದಿನವರು ಹೊಡೆದಿದ್ದ ಪ್ರೈಮರ್ ಕೆರೆದರೆ ಅಡಿಯಲ್ಲಿ ಕಂದು ಚುಕ್ಕೆಗಳು. ಎಲ್ಲ ಬರಿ ಲೋಹದವರೆಗೆ ಉಜ್ಜಿ ಎರಡು ಕೋಟ್ ಎಪಾಕ್ಸಿ ಪ್ರೈಮರ್ ಹೊಡೆದೆ. ಪುಟ್ಟಿ ಎಲ್ಲೂ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ, ವೆಲ್ಡಿನ ಗೆರೆ ಗಿರಾಕಿಗೆ ಕಾಣಲಿ ಎಂದು.

ಹಂತ 4. ಡಿಸೆಂಬರ್: ಎಂಜಿನ್

ನಾಲ್ಕು ಸಿಲಿಂಡರಿನ ಒತ್ತಡ ಅಳೆಯಲು ಕಂಪ್ರೆಶನ್ ಗೇಜ್ ಹಾಕಿದಾಗ: 125, 120, 85, 125 ಪಿಎಸ್‌ಐ. ಮೂರನೆಯದು ಸೋತಿದೆ. ಹೆಡ್ ಬಿಚ್ಚಿದರೆ ಮೂರನೇ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಹೋಗಿತ್ತು. ಹೊಸ ವಾಲ್ವ್ ಹಾಕಿ ಕೈಯಲ್ಲೇ ಪೇಸ್ಟ್ ಹಚ್ಚಿ ತಿರುವಿ ಕೂರಿಸಿದೆ. 105 ಬಂತು. ಒಂದು ವಾರ ಎಂಜಿನ್ ಓಡಿಸಿದ ಮೇಲೆ ಮತ್ತೆ 90. ವಾಲ್ವ್ ಕೂರುವ ಸೀಟೇ ತಿಂದು ಹೋಗಿರುವಾಗ ವಾಲ್ವ್ ಉಜ್ಜಿ ಏನು ಫಲ? ಈ ಹೆಡ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. 2000ದಿಂದ ಇಲ್ಲಿ ಸೀಸದ ಪೆಟ್ರೋಲೇ ಇಲ್ಲ, ಮೆತ್ತನೆ ಸೀಟು ಸವೆಯುತ್ತ ಬಂದಿದೆ.

ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಬೆಳಗಾವಿಗೆ ಒಯ್ದೆ, ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ. ಅನಮೋಡ ಘಾಟ್ ದಾಟಿ ಖಾನಾಪುರ ಬಂದ ಮೇಲೆ ಕೆಲಸದ ಭಾಷೆಯೂ ನಮ್ಮದೇ, ಅರ್ಧ ಚಿಂತೆ ಅಲ್ಲಿಗೇ ಇಳಿಯುತ್ತದೆ. ನಾಲ್ಕು ಎಕ್ಸಾಸ್ಟ್ ಸೀಟಿಗೂ ಗಟ್ಟಿ ರಿಂಗ್ ಕೂರಿಸಿ, ಮುಖ ಸಮ ಮಾಡಿ ಕೊಟ್ಟರು. ವಾಪಸ್ ಹಾಕುವಾಗ ಹೆಡ್ ನಟ್ಟು 40 ಪೌಂಡ್-ಅಡಿ, ನಡುವಿನಿಂದ ಹೊರಕ್ಕೆ, ಮೂರು ಸಲದಲ್ಲಿ. ಟ್ಯಾಪೆಟ್ ಸಂದು 12 ತೌ (ಒಂದು ತೌ ಅಂದರೆ ಇಂಚಿನ ಸಾವಿರದ ಒಂದು ಭಾಗ). ಈಗ 130, 125, 125, 130.

ಪಾನಾ ಬಗ್ಗೆ ಒಂದು ಮಾತು. ಇದರಲ್ಲಿ ಎಲ್ಲ ಇಂಚಿನ ಲೆಕ್ಕ: 7/16, 1/2, 9/16. ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಕೂರುತ್ತದೆ, ತಿರುಗುತ್ತದೆ ಕೂಡ. ಬಿಗಿ ಆದ ನಟ್ಟಾದರೆ ಮೂಲೆ ಉರುಟಾಗಿ ಕೈಗೆ ಬರುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಹಾಗೆ ಹೋದ ನಟ್ಟನ್ನು ಉಳಿಯಲ್ಲಿ ಕಡಿದು ತೆಗೆದದ್ದು.

ಇಂಧನದ ಕಡೆ: ಕೀಲಿ ತಿರುಗಿಸಿದರೆ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ನಾಲ್ಕೈದು ಸಲ ಬಡಿದು ಸುಮ್ಮನಾಗಬೇಕು. ಇದು ಬಡಿಯುತ್ತಲೇ ಇತ್ತು. ಪಂಪು ಮುಂದೆ ಬಲ್ಕ್‌ಹೆಡ್ಡಿನಲ್ಲಿದೆ, ಟ್ಯಾಂಕು ಹಿಂದೆ. ಟ್ಯಾಂಕಿನ ಬಳಿಯ ರಬ್ಬರ್ ತುಂಡು ಒಡೆದು ಗಾಳಿ ಎಳೆಯುತ್ತಿತ್ತು. ಈಗಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ಹಳೆ ರಬ್ಬರನ್ನು ತಿನ್ನುತ್ತದೆ. ಹೋಸೆಲ್ಲ ಎಥನಾಲ್ ತಾಳುವಂಥದ್ದಕ್ಕೆ ಬದಲಾಯಿಸಿದೆ.

ಹಂತ 5. ಬ್ರೇಕ್

ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯಲ್ಲಿ ನೆಲಕ್ಕೆ ಬೆಸೆದ ಉದ್ದ ಪಟ್ಟಿಯ ಒಳಗೆ ಕೂತಿದೆ. ಅದರ ಉದ್ದ ಬೋಲ್ಟ್ ಎಳೆಯಲು ಹೋದರೆ ಟಾರ್ಶನ್ ಬಾರ್ (ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಸರಳು) ಅಡ್ಡ. ಯಾರು ಯೋಚಿಸಿದ್ದೋ! ಬಾರ್ ಸಡಿಲಿಸಿ ತೆಗೆದೆ. ವಾಪಸ್ ಹಾಕುವಾಗ ಬೋಲ್ಟುಗಳನ್ನು ಆಚೆ ಬದಿಯಿಂದ ತೂರಿಸಿದೆ, ಮುಂದಿನವನಿಗೆ ಬಾರ್ ಮುಟ್ಟುವ ಕೆಲಸ ಬೀಳದಿರಲಿ.

ಹೊಸ ಸೀಲ್ ಕಿಟ್ಟು, ಹೊಸ ಪೈಪು, ಏರ್ ತೆಗೆದರೂ ಪೆಡಲ್ ಅರ್ಧ ಇಳಿಯುತ್ತಿತ್ತು. ಮತ್ತೆ ಏರ್ ತೆಗೆದೆ, ಮತ್ತೆ ಅದೇ. ಎಣ್ಣೆ ಸುಮ್ನೆ ಪೋಲು. ಕಾರಣ ಏರ್ ಅಲ್ಲ, ಶೂ ಮತ್ತು ಡ್ರಮ್ ನಡುವಿನ ಸಂದು. ಮುಂದಿನ ಚಕ್ರದಲ್ಲಿ ಒಂದೊಂದಕ್ಕೆ ಎರಡು ಅಡ್ಜಸ್ಟರ್ ಇವೆ. ಡ್ರಮ್ಮಿನ ತೂತಿನಿಂದ ಸ್ಕ್ರೂಡ್ರೈವರ್ ಇಳಿಸಿ ಚಕ್ರ ಹಿಡಿಯುವವರೆಗೆ ತಿರುಗಿಸಿ, ಒಂದು ಹಲ್ಲು ಸಡಿಲಿಸಿ. ಎರಡನ್ನೂ ಮಾಡಬೇಕು. ನಾನು ಒಂದನ್ನೇ ಮಾಡುತ್ತಿದ್ದೆ.

ಹಂತ 6. ಜನವರಿ: ವೈರಿಂಗ್

ಈ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ಕಾರಿನ ಕಬ್ಬಿಣದ ಮೈಗೆ ಹೋಗುತ್ತದೆ, ಈಗಿನ ಕಾರುಗಳಿಗೆ ಉಲ್ಟಾ. ಹಾಗೇ ಇಟ್ಟೆ. ಬಟ್ಟೆ ಸುತ್ತಿದ ಹಳೆ ವೈರು ಪುಡಿಯಾಗಿತ್ತು, ಅಗತ್ಯದ ದೀಪ, ಹಾರ್ನ್, ಬ್ರೇಕ್ ಲೈಟಿಗೆ ಮಾತ್ರ ಹೊಸದು ಎಳೆದೆ.

ಈ 1960ರ ಮೈನರ್‌ಗೆ ಮಿನುಗುವ ಇಂಡಿಕೇಟರ್ ಇಲ್ಲ. ಬಾಗಿಲ ಹಿಂದೆ ಬಾಡಿಯ ಸೀಳಿನಿಂದ ಹಳದಿ ದೀಪದ ಕೈಯೊಂದು ಟಕ್ಕೆಂದು ಮೇಲೆದ್ದು ನಿಲ್ಲುತ್ತದೆ, ಅದೇ ಟ್ರಾಫಿಕೇಟರ್. ಎಡದ್ದು ಏಳುತ್ತಿತ್ತು, ಬಲದ್ದು ಅಂಟಿಕೊಂಡಿತ್ತು. ಕೀಲಿಗೆ ಕಾಂಟ್ಯಾಕ್ಟ್ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಹೊಸ ಬಲ್ಬು. ಎದ್ದಿತು. ಕಾರಿನ ಪೂರ್ತಿ ಕೆಲಸದಲ್ಲಿ ಅತಿ ಅಗ್ಗದ್ದು ಇದು, ನೋಡಲು ಬಂದವರೆಲ್ಲ ಮೊದಲು ಮಾತಾಡಿದ್ದೂ ಇದರ ಬಗ್ಗೆಯೇ.

ಹಂತ 7. ಫೆಬ್ರವರಿ: ತಪಾಸಣೆ

ಚಾಲಕನ ಸೀಟಿಗೆ ಫೋಮ್ ಹಾಕಿ ರೆಕ್ಸಿನ್ ಹೊಲಿಸಿದೆ, ಅದೊಂದಕ್ಕೇ. ವಿಮೆ, ಹೊಗೆ ಪರೀಕ್ಷೆ, ನವೀಕರಣದ ಅರ್ಜಿ ಫಾರ್ಮ್ 25. ಆರ್‌ಸಿಯಲ್ಲಿ ಕಾರಿನ ಬಣ್ಣ ಗ್ರೇ ಎಂದಿತ್ತು. ನನ್ನ ಎಪಾಕ್ಸಿ ಪ್ರೈಮರ್ ಕೂಡ ಗ್ರೇ. ಅಧಿಕಾರಿ ಒಮ್ಮೆ ಕಾರು ನೋಡಿದರು, ಒಮ್ಮೆ ಕಾಗದ ನೋಡಿದರು, ನಕ್ಕು ಮುಂದೆ ಹೋದರು. ಮೊದಲ ಸಲ ಹಾರ್ನ್ ಕೈಕೊಟ್ಟು ವಾಪಸ್ ಬಂದೆ, ಎರಡನೇ ಸಲ ಆಯಿತು. ನಂಬರಿನ ತಿದ್ದುಪಡಿಯೂ ಅದರ ಜೊತೆಗೇ ಬಂತು.

2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರಿಗೆ "ವಿಎ" ನಂಬರು ತೆಗೆದುಕೊಳ್ಳಬಹುದು, ಹೊಸ ನೋಂದಣಿಗೆ ಶುಲ್ಕ 20,000, ಅವಧಿ 10 ವರ್ಷ. ಆದರೆ ಆಮೇಲೆ ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್, ಅಷ್ಟಕ್ಕೇ. ನಾನು ಆ ದಾರಿ ಹಿಡಿಯಲಿಲ್ಲ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸುತ್ತಬೇಕು ಎನ್ನುವವನೇ ಇಂಥ ಕಾರಿನ ಗಿರಾಕಿ, ಅಲ್ವಾ? ವಿಎ ಬೇಕಾದವರು ಆಮೇಲೆ ಮಾಡಿಕೊಳ್ಳಲಿ.

ಹಂತ 8. ಗಿರಾಕಿಗಳು

ಫೋಟೋ ತೆಗೆದದ್ದು ಹೆಚ್ಚಾಗಿ ಕೆಳಗಿನಿಂದ. ನೆಲ, ಸಿಲ್, ಸ್ಪ್ರಿಂಗ್ ಕೂರುವ ಜಾಗ, ಫಲಕದ ನಂಬರು. ಸಿಲ್ ಕಿತ್ತಾಗಿನ, ಆನಿಕೆ ಕೊಟ್ಟಾಗಿನ ಫೋಟೋ ಕೂಡ ಸೇರಿಸಿದೆ. ಬಿಚ್ಚಿಟ್ಟ ಸಾಮಾನನ್ನು ಬಿಸ್ಕತ್ ರಟ್ಟಿನ ಡಬ್ಬಿಗಳಿಗೆ ತುಂಬಿ ಚೀಟಿ ಅಂಟಿಸಿದೆ: "ಬಲ ಬಾಗಿಲ ಬೀಗ", "ಹುಡ್ ಚೌಕಟ್ಟಿನ ಬೋಲ್ಟ್, ಮುಂದಿನ ಮರ ಹೊಸದು ಬೇಕು", "ಇಲ್ಲ: ಎಡ ಕ್ವಾರ್ಟರ್ ಗಾಜಿನ ಚೌಕಟ್ಟು". ಇಲ್ಲದ್ದನ್ನೂ ಬರೆದಿಟ್ಟೆ. ಕೇಳಿದ ಬೆಲೆ 5,25,000.

ಮೊದಲು ಬಂದವರಿಗೆ ಮದುವೆ ಬಾಡಿಗೆಗೆ ಬೇಕಿತ್ತು. ಡೀಸೆಲ್ ಎಂಜಿನ್ ಕೂರಿಸಿ ಎಸಿ ಹಾಕಬಹುದಾ ಎಂದರು. ಚಹಾ ಕೊಟ್ಟು ಕಳಿಸಿದೆ.

ಎರಡನೆಯವರು ಮೆಕ್ಯಾನಿಕ್ ಕರೆತಂದರು. ಬ್ಯಾಟರಿ ಇಳಿದಿತ್ತು. ನಾನು ನೀರು ತರಲು ಒಳಗೆ ಹೋದಾಗ ಆತ ತನ್ನ ಕಾರಿನಿಂದ ಜಂಪರ್ ಹಾಕಿದ, ಅಭ್ಯಾಸದಂತೆ ಕಾರಿನ ಮೈಗೆ ಮೈನಸ್. ಹೊರಗೆ ಬರುವಷ್ಟರಲ್ಲಿ ಬ್ಯಾಟರಿ ಚಾರ್ಜ್ ಹತೋಟಿಯಲ್ಲಿಡುವ ಕಂಟ್ರೋಲ್ ಬಾಕ್ಸಿನಿಂದ ಹೊಗೆ. ಒಳಗಿನ ಪಾಯಿಂಟುಗಳು ಬೆಸೆದು ಹೋಗಿದ್ದವು. ಬದಲಿ ಬಾಕ್ಸಿಗೆ 4,200, ಅದನ್ನು ಕೆಳಗಿನ ವೈರಿಂಗ್ ಲೆಕ್ಕಕ್ಕೇ ಸೇರಿಸಿದ್ದೇನೆ. ಅವರು ಕಾರೂ ಕೊಳ್ಳಲಿಲ್ಲ, ದುಡ್ಡೂ ಕೊಡಲಿಲ್ಲ. ಅವತ್ತು ಸಂಜೆಯೇ ಬ್ಯಾಟರಿ ಪಕ್ಕ ಕೆಂಪು ಬಣ್ಣದಲ್ಲಿ ಬರೆದೆ: "ಪ್ಲಸ್ ಕಾರಿನ ಮೈಗೆ. ಮೊದಲು ಕೇಳಿ." ಕನ್ನಡ, ಮರಾಠಿ ಎರಡರಲ್ಲೂ.

ಊರಿನವರೇ ಒಬ್ಬರು ಎರಡು ಲಕ್ಷಕ್ಕೆ ಕೇಳಿದರು, ಅದೂ ಮುಂದಿನ ತಿಂಗಳು.

ಕೊನೆಗೆ ಬಂದವರು ಪುಣೆಯವರು, ಮೂಲ ವಿಜಯಪುರ. ಬಂದವರೇ ಚಪ್ಪಲಿ ಬಿಟ್ಟು, ಗೋಣಿ ಹಾಸಿ, ಕಾರಿನ ಕೆಳಗೆ ಮಲಗಿದರು. ಕೈಯಲ್ಲಿ ಟಾರ್ಚು ಮತ್ತು ಬಟ್ಟೆ ಸುತ್ತಿದ ಅಯಸ್ಕಾಂತ. ಪುಟ್ಟಿ ಇದ್ದಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಬೂಟಿನಿಂದ ಮುಂದಿನ ರೆಕ್ಕೆಯವರೆಗೆ ಗೇಣಿಗೊಮ್ಮೆ ಇಟ್ಟು ನೋಡಿದರು. ಆಮೇಲೆ ಎರಡೂ ಬಾಗಿಲು ತೆರೆದು, ಹೊಸ್ತಿಲ ಮೇಲೆ ಕೂತು, ಪಕ್ಕದ ಬಾಗಿಲನ್ನು ಒಂದು ಬೆರಳಲ್ಲಿ ನೂಕಿ ಮುಚ್ಚಿದರು. ಮುಚ್ಚಿತು. "ಪೇಂಟ್ ಆಗಿದ್ರೆ ನಾನು ಇಷ್ಟು ದೂರ ಬರ್ತಿರಲಿಲ್ಲ" ಎಂದರು. ಅವರ ಮಾತು: 4,00,000. ನನ್ನದು 4,75,000. ಹುಡ್ ಹೊಲಿಸಲು, ಮರ ಮಾಡಿಸಲು ಎಷ್ಟಾಗುತ್ತದೆ ಎಂದು ಇಬ್ಬರೂ ಕೂತು ಕಾಗದದ ಮೇಲೆ ಬರೆದೆವು. 4,35,000ಕ್ಕೆ ನಿಂತಿತು.

ಹಂತ 9. ಮಾರ್ಚ್: ದುಡ್ಡು, ಕಾಗದ, ಲಾರಿ

ಅರ್ಧ ನಗದು ಕೊಡಲೇ ಎಂದು ಕೇಳಿದರು. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ, ದಂಡ ಬೀಳುವುದು ಪಡೆದವನಿಗೆ. ಬೇಡ ಎಂದೆ. ಮುಂಗಡ 25,000, ಉಳಿದದ್ದು ಬ್ಯಾಂಕಿನಿಂದ. ಮಾಲೀಕರ ಹೆಸರು ಬದಲಿಸಲು ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30, ಮಹಾರಾಷ್ಟ್ರಕ್ಕೆ ಒಯ್ಯಲು ಫಾರ್ಮ್ 28ರ ನಿರಾಕ್ಷೇಪಣಾ ಪತ್ರ. ಅದು ಕೈಗೆ ಬರುವವರೆಗೆ ಕಾರು ಶೆಡ್ಡಿನಲ್ಲೇ ಇರಲಿ ಎಂದು ಮೊದಲೇ ಬರೆದುಕೊಂಡಿದ್ದೆವು.

ಲಾರಿಗೆ ಕಟ್ಟುವಾಗ ಹುಡುಗರು ಹಗ್ಗವನ್ನು ಬಂಪರಿಗೆ ಸುತ್ತಿದ್ದರು. ಬಿಚ್ಚಿಸಿ ಆಕ್ಸಲಿಗೆ ಕಟ್ಟಿಸಿದೆ. ಚಾವಣಿ ಇಲ್ಲದ ಬಾಡಿಯನ್ನು ಎರಡು ತುದಿಯಿಂದ ಕೆಳಗೆ ಎಳೆದು ಘಾಟ್ ಹತ್ತಿಸಿದರೆ ಎರಡನೇ ಹಂತದ ಕೆಲಸ ಮತ್ತೆ ಶುರು. ಡಬ್ಬಿಗಳೆಲ್ಲ ಹಿಂದಿನ ಸೀಟಿನ ಜಾಗಕ್ಕೆ, ಮೇಲೆ ತಾಡಪಾಲು.

ಲೆಕ್ಕ, ಎಲ್ಲ ರೂಪಾಯಿಯಲ್ಲಿ:

ಕಾರು ಕೊಂಡದ್ದು 2,25,000
ತಗಡು, ವೆಲ್ಡಿಂಗ್, ಕೂಲಿ 1,18,000
ಎಂಜಿನ್, ಹೆಡ್, ಇಂಧನ ಪೈಪು 46,500
ಬ್ರೇಕ್ 31,000
ವೈರಿಂಗ್, ಸುಟ್ಟ ಬಾಕ್ಸ್ ಸೇರಿ 14,500
ಪ್ರೈಮರ್, ಸೀಟು, ಸಾಗಾಟ 27,000
ವಿಮೆ, ಆರ್‌ಸಿ, ಓಡಾಟ 16,000
ಒಟ್ಟು 4,78,000
ಬಂದದ್ದು 4,35,000

43,000 ಕೈಬಿಟ್ಟಿತು, ಶೆಡ್ಡಿನ ಬಾಡಿಗೆ ಇದರಲ್ಲಿ ಸೇರಿಲ್ಲ. ಪೇಂಟಿಗೆ ನನಗೆ ಕೊಟ್ಟಿದ್ದ ಅಂದಾಜು 90,000.

ಪುಣೆಯಲ್ಲಿ ಇನ್ನೂ ನಂಬರು ವರ್ಗಾವಣೆ ನಡೆಯುತ್ತಿದೆ. ಒಂದು ಜೊತೆ ಹಳೆ ಮುಂದಿನ ಡ್ರಮ್ಮು, ಅರ್ಧ ಇಂಚಿನ ಪಾನಾ ಸೆಟ್ಟು, ಒಂದು ಎಸ್‌ಯು ಪಂಪಿನ ಬಾಡಿ ನನ್ನ ಹತ್ತಿರವೇ ಉಳಿದಿವೆ. ಪಾನಾ ಬಿಟ್ಟು ಉಳಿದದ್ದು ಮೈನರ್ ಇಟ್ಟವರಿಗೆ ಪುಕ್ಕಟೆ, ಹುಬ್ಬಳ್ಳಿಗೆ ಬಂದು ಒಯ್ಯಬೇಕು ಅಷ್ಟೆ.